ಕ್ವಾಬೆನಾ ವೋಫಾ ಸೇರಿಸಿದ ಒಂದು ಮಾತು

ನಮ್ಮ ಅಬೆಮು ಊರಿನಲ್ಲಿ ಸುದ್ದಿ ಎರಡು ಬಗೆಯದು. ಒಂದು ಜನ ಹೇಳಿಕೊಂಡು ತಿರುಗುವ ಸುದ್ದಿ, ಇನ್ನೊಂದು ಕ್ವಾಬೆನಾ ವೋಫಾ ಡಂಗುರ ಸಾರುವ ಸುದ್ದಿ. ಮೊದಲನೆಯದನ್ನು ಕೇಳಿ ನಗುತ್ತೇವೆ, ಅರ್ಧ ನಂಬುತ್ತೇವೆ. ಎರಡನೆಯದನ್ನು ಕೇಳಿದರೆ ಎದ್ದು ಹೊರಡುತ್ತೇವೆ.

ವೋಫಾ ಎಂದರೆ ಸೋದರಮಾವ. ಅವರ ಸ್ವಂತ ಅಕ್ಕತಂಗಿಯರ ಮಕ್ಕಳು ನಾಲ್ಕೇ ಜನ, ಆದರೆ ಊರಿಗೆ ಊರೇ ಅವರನ್ನು ವೋಫಾ ಎನ್ನುತ್ತದೆ. ಉದ್ದ ಕಾಲಿನ, ಸಣಕಲು ಮನುಷ್ಯ. ಎಡಗೈಯಲ್ಲಿ ಎರಡು ಬಾಯಿಯ ಕಬ್ಬಿಣದ ಗಂಟೆ, ಬಲಗೈಯಲ್ಲಿ ಪೇರಲೆ ಮರದ ಕೋಲು. ಗಂಟೆ ಅವರದಲ್ಲ, ಊರೊಡೆಯರಾದ ನಾನಾ ಅವರದು. ವೋಫಾ ಅವರ ಸೋದರಮಾವ ಅದನ್ನು ಬಡಿದು ಬಡಿದು ಮುದುಕರಾಗಿ ಇವರ ಕೈಗೆ ಕೊಟ್ಟರು. ಇವರು ಹಿಡಿದು ಮೂವತ್ತೊಂದು ವರ್ಷವಾಯಿತು.

ಬೆಳಗಿನ ಜಾವ ಅಥವಾ ಸಂಜೆ, ಮೂರು ಪೆಟ್ಟು, ಆಮೇಲೆ ಮಾತು. ಮಾವಿನ ಮರದ ಕೂಡುದಾರಿಯಿಂದ ಹೊರಟು ಐದು ಕಡೆ ನಿಂತು, ಆರನೆಯದಾಗಿ ಅನೊಮಾಸು ಹೊಳೆಯ ದಂಡೆಗೆ ಬರುತ್ತಾರೆ. "ನಾನಾ ನಿಮಗೆಲ್ಲ ನಮಸ್ಕಾರ ಹೇಳಿದಾರೆ. ಶನಿವಾರ ಎಲ್ಲರೂ ಕತ್ತಿ, ಗುದ್ದಲಿ ತಗೊಂಡು ಶಾಲೆ ಹಿಂದಿನ ಹುಲ್ಲು ಕೀಳೋಕೆ ಬರಬೇಕಂತೆ." ಅಷ್ಟೇ. ಆರು ಕಡೆಯೂ ಅದೇ ಮಾತು, ಅಷ್ಟೇ ಮಾತು.

ಈ ಕೆಲಸಕ್ಕೆ ಎರಡು ಕಟ್ಟುಪಾಡುಗಳಿವೆ, ಮುಂದಿನದನ್ನು ತಿಳಿಯಲು ಅವು ಬೇಕು. ಒಂದು, ಕೊಟ್ಟ ಮಾತಿಗೆ ಡಂಗುರದವನು ತನ್ನದೊಂದನ್ನು ಸೇರಿಸಿದರೆ ನಾನಾ ಅವರ ಅಂಗಳದಲ್ಲಿ ಒಂದು ಕುರಿ ದಂಡ ಕಟ್ಟಬೇಕು. ವೋಫಾ ಅವರ ಸೋದರಮಾವ ಒಮ್ಮೆ "ತಡವಾಗಿ ಬರೋರು ಸೋಮಾರಿಗಳು" ಎಂದು ಸೇರಿಸಿ ಕುರಿ ಕಳೆದುಕೊಂಡಿದ್ದರು. ಎರಡು, ಒಮ್ಮೆ ಸಾರಿದ ಮಾತು ಸುಮ್ಮನೆ ಇಲ್ಲವಾಗುವುದಿಲ್ಲ. ಯಾರ ಹೆಸರಿನಲ್ಲಿ ಸಾರಿದ್ದೋ ಅವರ ಕೊರಳಿಗೆ ಅದು ಬಿದ್ದ ಹಾಗೆ. ಅದನ್ನು ಅಳಿಸಬೇಕಾದರೆ ಅದೇ ಗಂಟೆ ಹಿಡಿದು, ಅದೇ ಆರು ಕಡೆ ನಿಂತು, "ಮೊನ್ನೆ ಹೇಳಿದ್ದು ಸುಳ್ಳು" ಎಂದು ಇನ್ನೊಮ್ಮೆ ಸಾರಬೇಕು. ಅಂಥ ನಾಚಿಕೆಗೇಡಿಗೆ ಅಬೆಮು ಇಳಿದದ್ದನ್ನು ನೋಡಿದವರು ಈಗ ಯಾರೂ ಇಲ್ಲ. ನಾನು ಊರಿನ ಅತಿ ಹಿರಿಯರಾದ ಮೂವರನ್ನು ಬೇರೆ ಬೇರೆಯಾಗಿ ಕೇಳಿದ್ದೇನೆ.

ವೋಫಾ ಅವರ ಹೆಂಡತಿ ಆಂಟಿ ಅಫುವಾ ಕೆಂಕೆ ಮಾರುತ್ತಾರೆ. ಮೆಕ್ಕೆಜೋಳದ ಹಿಟ್ಟನ್ನು ಹುಳಿ ಬರಿಸಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ, ಬೇಯಿಸಿ, ಮೆಣಸಿನ ಗೊಜ್ಜು, ಹುರಿದ ಮೀನಿನ ಜೊತೆ ಕೊಡುತ್ತಾರೆ. ಕೆಂಕೆಗಿಂತ ಅವರ ಮಾತು ಹುಳಿ ಎನ್ನುವವರೂ ಎರಡು ಉಂಡೆ ಕೊಂಡೇ ಹೋಗುತ್ತಾರೆ.

ಎಲ್ಲ ಶುರುವಾದದ್ದು ಹೊಳೆಯಿಂದ. ಊರಿನ ಮೂರರಲ್ಲಿ ಒಂದು ಪಾಲು ಜನ ಅನೊಮಾಸುವಿನ ಆಚೆ ದಂಡೆಯಲ್ಲಿದ್ದಾರೆ. ದಾಟಲು ಇದ್ದದ್ದು ಎರಡು ತಾಳೆ ಮರದ ದಿಮ್ಮಿ. ಜೂನ್ ಮಳೆಯಲ್ಲಿ ದಿಮ್ಮಿ ಮುಳುಗುತ್ತವೆ. ವೋಫಾ ಯಾವಾಗಲೂ ಈಚೆ ದಂಡೆಯಲ್ಲೇ ನಿಂತು ಆಚೆಯವರಿಗೆ ಕೂಗುತ್ತಿದ್ದರು. ಸಾಮಾನ್ಯವಾಗಿ ಕೇಳಿಸುತ್ತದೆ. ಆ ವರ್ಷ ಕೇಳಿಸಲಿಲ್ಲ. ನರ್ಸಮ್ಮ ಬಂದು ಮಕ್ಕಳಿಗೆ ದಡಾರದ ಸೂಜಿ ಹಾಕುವ ದಿನವನ್ನು ಅವರು ಗಂಟಲು ಹರಿಯುವಂತೆ ಸಾರಿದರು, ಹೊಳೆಯ ಸದ್ದು ಅದನ್ನೆಲ್ಲ ನುಂಗಿತು. ಆಚೆಯವರು ಕೈಬೀಸಿ ನಕ್ಕು, ಏನೋ ಹೊಲದ ಕೆಲಸವಿರಬೇಕು ಎಂದುಕೊಂಡು ಒಳಗೆ ಹೋದರು. ಸೂಜಿ ತಪ್ಪಿದ್ದಕ್ಕೆ ಮಕ್ಕಳು ಕುಣಿದವು. ತಿಂಗಳ ನಂತರ ಅವರಲ್ಲಿ ಇಬ್ಬರಿಗೆ ದಡಾರ ಬಂದು ಹದಿನೈದು ದಿನ ಮಲಗಿದರು. ಇಬ್ಬರೂ ಎದ್ದು ಓಡಾಡುತ್ತಿದ್ದಾರೆ. ಆದರೆ ವೋಫಾ ಆ ಹದಿನೈದು ದಿನವೂ ಸರಿಯಾಗಿ ಊಟ ಮಾಡಲಿಲ್ಲ.

"ನಾನು ಸಾರಿದ್ದು ಊರಿಗೆ ತಲುಪಲಿಲ್ಲ ಅಫುವಾ," ಎಂದರು. "ಮೂವತ್ತೊಂದು ವರ್ಷದಲ್ಲಿ ಮೊದಲನೇ ಸಲ."

"ನೀನೇನು ಹೊಳೆಗೆ ಸುಮ್ಮನಿರು ಅಂತ ಹೇಳೋಕಾಗುತ್ತಾ?"

"ಸೇತುವೆ ಕಟ್ಟಿಸಬೋದು."

"ನೀನಾ? ನಮ್ಮ ಕೋಳಿಗೂಡಿನ ಬಾಗಿಲು ಹೋದ ಈಸ್ಟರಿಂದ ನಿನ್ನ ದಾರಿ ಕಾಯ್ತಾ ಇದೆ."

ಅಷ್ಟರಲ್ಲಿ ಡಿಸೆಂಬರಿಗೆ ಜಿಲ್ಲಾ ಸಭೆಯ ಚುನಾವಣೆ ಗೊತ್ತಾಯಿತು. ದೊಡ್ಡ ಚುನಾವಣೆಯ ಹಾಗೆ ಇದಕ್ಕೆ ಪಕ್ಷವಿಲ್ಲ, ಬಾವುಟವಿಲ್ಲ, ಬಣ್ಣದ ಅಂಗಿಯಿಲ್ಲ. ಸೇತುವೆ, ಚರಂಡಿ, ಸಂತೆಯ ಮಾಡು ಇವೆಲ್ಲ ತೀರ್ಮಾನವಾಗುವುದು ಜಿಲ್ಲಾ ಸಭೆಯಲ್ಲಿ. ಅಬೆಮುವಿಗೆ ಅಲ್ಲಿರುವುದು ಒಂದೇ ಕುರ್ಚಿ. ಆ ಕುರ್ಚಿಯಲ್ಲಿ ಕೂತವರು ಬಾಯಿಬಿಟ್ಟರೆ ಮಾತ್ರ ಸೇತುವೆ. ವೋಫಾ ತಾವೇ ನಿಲ್ಲುವುದೆಂದು ತೀರ್ಮಾನಿಸಿದರು. ಅರ್ಜಿಗೆ ಇಪ್ಪತ್ತು ಮತದಾರರ ಸಹಿ ಬೇಕಿತ್ತು. ಎರಡನೆಯ ಕೂಡುದಾರಿ ದಾಟುವುದರೊಳಗೆ ಇಪ್ಪತ್ತೂ ಆದವು.

ಎದುರಿಗೆ ನಿಂತವರು ಮೇಡಮ್ ಫೌಸ್ಟಿನಾ, ಔಷಧಿ ಅಂಗಡಿಯವರು. ಒಳ್ಳೆಯವರು, ಲೆಕ್ಕ ಬಲ್ಲವರು. ಆದರೆ ಯಾವುದಕ್ಕೂ ಆಗಲಿ ಎನ್ನುವವರಲ್ಲ, ಆಗದು ಎನ್ನುವವರೂ ಅಲ್ಲ. ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು, "ನೋಡೋಣ." ಕೆಮ್ಮಿನ ಔಷಧಿ ಕೆಲಸ ಮಾಡುತ್ತದೆಯೇ ಎಂದು ಕೇಳಿದರೂ "ನೋಡೋಣ" ಎನ್ನುತ್ತಿದ್ದರು.

ನಾನಾ ಅವರ ಅಂಗಳದಿಂದ ಕರೆ ಬಂತು. ನಾನಾ ಜನರ ಮುಂದೆ ತಾವಾಗಿ ಮಾತಾಡುವುದಿಲ್ಲ. ಅವರು ಮೆಲ್ಲಗೆ ಹೇಳಿದ್ದನ್ನು ಅವರ ಮಾತುಗಾರ ಅಂಕೋಮಾ, ಚಿನ್ನದ ಬಣ್ಣದ ಕೋಲು ಹಿಡಿದು, ಒಪ್ಪ ಮಾಡಿ ಹೇಳುತ್ತಾರೆ.

"ಕ್ವಾಬೆನಾ, ನಾನಾ ಹೇಳ್ತಾರೆ, ಗಡಿಯಾರದ ಎರಡು ಮುಳ್ಳನ್ನೂ ಒಬ್ಬನೇ ಹಿಡ್ಕೊಂಡ್ರೆ ಊರಿಗೆ ಹೊತ್ತು ತಿಳಿಯಲ್ಲ ಅಂತ. ಊರೊಡೆಯರು ರಾಜಕೀಯಕ್ಕೆ ಇಳೀಬಾರದು ಅಂತ ದೇಶದ ಸಂವಿಧಾನದಲ್ಲೇ ಬರ್ದಿದೆ. ಒಡೆಯರು ಇಳೀಬಾರದು ಅಂದ್ಮೇಲೆ ಅವರ ಗಂಟೆ ಇಳಿಯೋದು ಹೇಗೆ? ಮತ ಎಣಿಸೋವರೆಗೂ ಗಂಟೆ ಇಲ್ಲಿ ಇಟ್ಟು ಹೋಗು. ಗೆದ್ರೆ, ಆ ಕುರ್ಚಿಯಲ್ಲಿರೋ ನಾಲ್ಕು ವರ್ಷವೂ ಅದು ನಿನ್ನ ಕೈಗೆ ಬರಲ್ಲ."

ವೋಫಾ ಗಂಟೆಯನ್ನು ಒರಸಿ, ಕೋಲನ್ನು ಅದರ ಮೇಲೆ ಅಡ್ಡ ಇಟ್ಟರು. ಆರು ವಾರಕ್ಕೆ ಅದು ದರ್ಜಿ ಅತಾನ ಕೈಗೆ ಹೋಯಿತು.

ಅತಾ ಒಳ್ಳೆಯ ದರ್ಜಿ. ಅವನ ದನಿ ಮಾತ್ರ ಸೂಜಿಯ ಹಾಗೆ, ಎದುರಿಗಿದ್ದವರಿಗೆ ಚುಚ್ಚುತ್ತದೆ, ಆಚೆ ಮನೆಗೆ ಮುಟ್ಟುವುದಿಲ್ಲ. ಅದನ್ನಾದರೂ ಸಹಿಸಬಹುದಿತ್ತು. ಎರಡನೆಯ ವಾರ ಅವನು ಮಾವಿನ ಮರದ ಕೆಳಗೆ ಮೂರು ಪೆಟ್ಟು ಬಡಿದು, "ಕ್ವಾಮೆ ಮುದುಕರು ತೀರಿಕೊಂಡಿದಾರೆ, ನಾಳೆ ಎಲ್ಲರೂ ಕರಿ ಬಟ್ಟೆ ಉಟ್ಟು ಬರಬೇಕು" ಎಂದುಬಿಟ್ಟ.

ನಮ್ಮಲ್ಲಿ ಶನಿವಾರ ಹುಟ್ಟಿದ ಗಂಡಸರೆಲ್ಲ ಕ್ವಾಮೆಗಳೇ. ಮುದುಕ ಕ್ವಾಮೆಗಳೇ ಎಂಟು ಜನ. ಅದಕ್ಕೇ ವೋಫಾ ಯಾವಾಗಲೂ "ಗರಗಸದ ಕ್ವಾಮೆ, ಕೆಂಪು ಗೋಡೆ ಮನೆಯ ಅಕೋಸುವಾ ಅವರ ಅಣ್ಣ" ಎಂದು ಬಿಡಿಸಿ ಹೇಳುತ್ತಿದ್ದರು. ಅತಾ ಬಿಡಿಸಲಿಲ್ಲ. ಮೂರು ಮನೆಯಲ್ಲಿ ಅಳು ಎದ್ದಿತು. ಒಬ್ಬ ಕ್ವಾಮೆ ಕ್ಷೌರದ ಕುರ್ಚಿಯಲ್ಲಿ ಕೂತು ಇದನ್ನು ಕೇಳಿ, ಮುಖದ ಅರ್ಧಕ್ಕೆ ಸೋಪು ಇರುವಂತೆಯೇ ಮನೆಗೆ ಓಡಿದರು. ಅವರ ಹೆಂಡತಿ ಕರಿ ಬಟ್ಟೆ ಪೆಟ್ಟಿಗೆಯಿಂದ ತೆಗೆದಾಗಿತ್ತು.

"ಇಷ್ಟು ಬೇಗನಾ?" ಎಂದರಂತೆ ಕ್ವಾಮೆ.

"ಇಸ್ತ್ರಿ ಮಾಡಿದ್ದು ದಂಡ ಆಯ್ತು," ಎಂದರಂತೆ ಹೆಂಡತಿ.

ಮನೆಯಲ್ಲಿ ವೋಫಾ ಅವರ ಪಾಡೂ ಹಾಗೇ ಇತ್ತು. ಗಂಟೆಯಿಲ್ಲದ ಕೈಗೆ ಏನೂ ತೋಚದೆ, ಸೌಟು ಹಿಡಿದು ಅಂಗಳದಲ್ಲಿ ನಡೆಯುತ್ತಿದ್ದರು. "ಸಾರಿಗೆ ಉಪ್ಪು ಕಡಿಮೆ ಆಗಿದೆ," ಎಂದು ಅವರು ಊಟಕ್ಕೆ ಕೂತು ಹೇಳಿದರೆ ಮೂರು ಮನೆಯಾಚೆಯವರು ಉಪ್ಪು ಕಳಿಸುತ್ತಿದ್ದರು. ಆಂಟಿ ಅಫುವಾ ತಲೆಗೆ ಬಟ್ಟೆ ಬಿಗಿದು, "ದೇವರೇ, ಡಿಸೆಂಬರ್ ಬೇಗ ಬರಲಿ," ಎನ್ನುತ್ತಿದ್ದರು.

ಚುನಾವಣಾ ಆಯೋಗದವರು ಒಂದು ಸಂಜೆ ಶಾಲೆಯ ಬಯಲಿನಲ್ಲಿ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರು. ಪಕ್ಷವಿಲ್ಲದ ಚುನಾವಣೆಯಾದ್ದರಿಂದ ಬೇರೆ ಬೇರೆ ಸಭೆ ಇಲ್ಲ, ಎಲ್ಲ ಅಭ್ಯರ್ಥಿಗಳಿಗೂ ಒಂದೇ ವೇದಿಕೆ, ತಲಾ ಹತ್ತು ನಿಮಿಷ. ಮೇಡಮ್ ಫೌಸ್ಟಿನಾ ಕಾಗದ ನೋಡಿ ಚೆನ್ನಾಗಿ ಓದಿದರು. ಹೊಳೆಗೆ ಸೇತುವೆ ಆಗುತ್ತದೆಯೇ ಎಂದು ಆಚೆ ದಂಡೆಯವರು ಕೇಳಿದಾಗ ಕನ್ನಡಕ ತೆಗೆದು, "ನೋಡೋಣ" ಎಂದರು. ಬಯಲೆಲ್ಲ ನಕ್ಕಿತು, ಅವರೂ ನಕ್ಕರು.

ವೋಫಾ ಎದ್ದು ನಿಂತರು. ಮೂವತ್ತೊಂದು ವರ್ಷ ಊರಿನ ಮುಂದೆ ಮಾತಾಡಿದ ಮನುಷ್ಯ, ಸ್ವಂತ ಮಾತಿಗೆ ಬಾಯಿ ಬರಲಿಲ್ಲ. "ನಾನಾ ನಿಮಗೆಲ್ಲ..." ಎಂದು ಅಭ್ಯಾಸದಿಂದ ಶುರುಮಾಡಿ ನಿಲ್ಲಿಸಿದರು. ಅಂಕೋಮಾ ದೂರದಿಂದ ಕೋಲು ಆಡಿಸಿ ಬೇಡ ಎಂದರು.  ಆಮೇಲೆ ಎಡಗೈಯಲ್ಲಿ ಇಲ್ಲದ ಗಂಟೆಯನ್ನು ಎತ್ತಿ ಹಿಡಿದು, ಮಾಮೂಲಿ ದನಿಯಲ್ಲಿ ಸಾರಿದರು.

"ಕ್ವಾಬೆನಾ ಅನ್ನೋರು ನಿಮಗೆಲ್ಲ ನಮಸ್ಕಾರ ಹೇಳಿದಾರೆ. ಅವರಿಗೆ ಅನೊಮಾಸು ಮೇಲೆ ಒಂದು ಸೇತುವೆ ಬೇಕಂತೆ. ಬೇರೇನೂ ಬೇಡವಂತೆ."

ಕೂತರು. ಒಂಬತ್ತೂವರೆ ನಿಮಿಷ ಉಳಿದಿತ್ತು. ಜನ ಚಪ್ಪಾಳೆ ತಟ್ಟಿದ್ದು ಹತ್ತು ನಿಮಿಷ.

ಆ ಚಪ್ಪಾಳೆ ಕೇಳಿದವರು ಯಾರೂ ಅವರು ಸೋಲುತ್ತಾರೆಂದು ಹೇಳುತ್ತಿರಲಿಲ್ಲ. ಮತದ ದಿನ ಬೆಳಗ್ಗೆ ಏಳರಿಂದ ಸಾಲು ನಿಂತಿತ್ತು. ಬೆರಳಿಗೆ ಮಸಿ ಒತ್ತಿಸಿಕೊಂಡು ಬಂದವರೆಲ್ಲ ವೋಫಾ ಅವರನ್ನು ಕಂಡು ನಮ್ಮೂರ ಪದ್ಧತಿಯಂತೆ ಅಕ್ಕರೆಯಿಂದ ಕೈ ಕುಲುಕಿ ಬೆರಳು ಚಿಟಕಿಸಿ ಹೋದರು. ಸಂಜೆ ಶಾಲೆಯ ಜಗಲಿಯಲ್ಲೇ ಒಂದೊಂದು ಚೀಟಿ ಎತ್ತಿ ತೋರಿಸಿ ಎಣಿಸಿದರು. ಮೇಡಮ್ ಫೌಸ್ಟಿನಾಗೆ ಮುನ್ನೂರ ತೊಂಬತ್ತಾರು. ವೋಫಾಗೆ ಅರವತ್ತೊಂದು.

ಮರುದಿನ ಬೆಳಗ್ಗೆ ಅವರ ಅಂಗಳ ತುಂಬ ಜನ. ಸೋತವರ ಮನೆಗೆ ಸಮಾಧಾನ ಹೇಳಲು ಬಂದವರಲ್ಲ, ಕಾರಣ ಹೇಳಲು ಬಂದವರು.

"ನಾನು ನಿಮಗೆ ಹಾಕ್ಲಿಲ್ಲ ವೋಫಾ," ಎಂದರು ಕ್ಷೌರದ ಕುರ್ಚಿಯ ಕ್ವಾಮೆ, ಯಾವ ಅಳುಕೂ ಇಲ್ಲದೆ. "ನಿಮ್ಮ ಮೇಲಿನ ಪ್ರೀತಿಗೇ ಹಾಕ್ಲಿಲ್ಲ. ನೀವು ಗೆದ್ರೆ ಗಂಟೆ ನಾಲ್ಕು ವರ್ಷ ಆ ಅತಾ ಹತ್ರನೇ ಇರುತ್ತೆ. ನಾನು ಇನ್ನೊಂದ್ಸಲ ಸಾಯೋಕೆ ತಯಾರಿಲ್ಲ."

"ನಾನೂ ಹಾಕ್ಲಿಲ್ಲ," ಎಂದ ದರ್ಜಿ ಅತಾ. "ನಾಲ್ಕು ವರ್ಷ ನನ್ ಕೈಲಾಗಲ್ಲ ವೋಫಾ. ಹೊಲಿಗೆ ಬಟ್ಟೆ ಎಲ್ಲ ಹಾಗೇ ಬಿದ್ದಿದೆ."

ವೋಫಾ ಹೆಂಡತಿಯ ಕಡೆ ತಿರುಗಿದರು. "ನೀನಾದ್ರೂ?"

ಆಂಟಿ ಅಫುವಾ ಮಸಿಯ ಬೆರಳಿನಿಂದಲೇ ಕೆಂಕೆಯ ಸಿಪ್ಪೆ ಕಟ್ಟುತ್ತಿದ್ದರು. "ಆರು ವಾರ ನನ್ನ ಅಡುಗೆ ಊರಿಗೆಲ್ಲ ಸಾರಿದೀಯ. ನಾನು ಯಾರಿಗೆ ಹಾಕಿದೀನಿ ಅಂತ ಕೇಳ್ಬೇಡ. ಮತ ಗುಟ್ಟಿನದು, ಆಯೋಗದವರೇ ಹೇಳಿದಾರೆ."

ಎಲ್ಲರೂ ನಕ್ಕರು. ವೋಫಾ ಕೂಡ ನಕ್ಕರು, ಆದರೆ ಬೇಗ ನಿಲ್ಲಿಸಿದರು. "ಸೇತುವೆ?" ಎಂದರು.  ಬಂದವರು ಒಬ್ಬೊಬ್ಬರಾಗಿ ಎದ್ದು ಹೋದರು.

ಮಧ್ಯಾಹ್ನ ಮೇಡಮ್ ಫೌಸ್ಟಿನಾ ಬಂದರು. ಗಂಟೆಯನ್ನು ನಾನಾ ಅವರ ಅಂಗಳದಿಂದ ತಾವೇ ಬಿಡಿಸಿಕೊಂಡು ತಂದಿದ್ದರು. "ವೋಫಾ, ಬೇಜಾರು ಮಾಡ್ಕೋಬೇಡಿ. ಸಂಜೆ ನನ್ನ ಹೆಸರಲ್ಲಿ ಒಂದು ಮಾತು ಸಾರಬೇಕು. ಮತ ಹಾಕಿದ್ದಕ್ಕೆ ಊರಿಗೆ ಧನ್ಯವಾದ. ಅಷ್ಟೇ."

"ಅಷ್ಟೇನಾ ಮೇಡಮ್?"

"ಅಷ್ಟೇ."

"ಸೇತುವೆ ವಿಷಯ?"

"ನೋಡೋಣ."

ಅವರು ಹೋದ ಮೇಲೆ ವೋಫಾ ಕೊಟ್ಟಿಗೆಗೆ ಹೋದರು. ಅವರಿಗಿದ್ದದ್ದು ಒಂದೇ ಕುರಿ, ಬಿಳಿ ಮೈ, ಕಪ್ಪು ಕಿವಿ. ಅದರ ಹಗ್ಗ ಹಿಡಿದು ಬೀದಿಯಲ್ಲಿ ನಡೆಸಿಕೊಂಡು ಹೋಗಿ ನಾನಾ ಅವರ ಅಂಗಳದ ಬೇವಿನ ಮರಕ್ಕೆ ಕಟ್ಟಿ ಬಂದರು. 

ಸಂಜೆ ಮಾವಿನ ಮರದ ಕೆಳಗೆ ಮೂರು ಪೆಟ್ಟು ಕೇಳಿದಾಗ ಊರಿಗೆ ಹೋದ ಜೀವ ಬಂದ ಹಾಗಾಯಿತು. ಜನ ಬಾಗಿಲಿಗೆ ಬಂದರು.

"ಜಿಲ್ಲಾ ಸಭೆಯ ಸದಸ್ಯರಾದ ಮೇಡಮ್ ಫೌಸ್ಟಿನಾ ನಿಮಗೆಲ್ಲ ನಮಸ್ಕಾರ ಹೇಳಿದಾರೆ. ಮತ ಹಾಕಿದ್ದಕ್ಕೆ ಧನ್ಯವಾದ ಹೇಳಿದಾರೆ." ಇಲ್ಲಿ ಒಂದು ಉಸಿರು ನಿಂತರು. "ಬರೋ ಜೂನ್ ಮಳೆಗೆ ಮುಂಚೆ ಅನೊಮಾಸು ಮೇಲೆ ಸೇತುವೆ ಆಗುತ್ತಂತೆ."

ಆರು ಕಡೆಯೂ ಅದೇ ಮಾತು, ಅಷ್ಟೇ ಮಾತು. ಆಚೆ ದಂಡೆಯವರು ಕೇಳಿ ಕುಣಿದರು. ಡಿಸೆಂಬರಿನ ಹೊಳೆ ತೆಳ್ಳಗಿತ್ತು, ಒಂದಕ್ಷರವೂ ಹಾಳಾಗದೆ ಆಚೆ ಮುಟ್ಟಿತು.

ಮರುದಿನ ನಾನಾ ಅವರ ಅಂಗಳದಲ್ಲಿ ನಿಲ್ಲಲು ಜಾಗವಿರಲಿಲ್ಲ. ಮೇಡಮ್ ಫೌಸ್ಟಿನಾ ಬಂದಿದ್ದರು. ಅವರು ಸಿಟ್ಟಾದದ್ದನ್ನು ನಾವು ಅಂದೇ ಮೊದಲು ನೋಡಿದ್ದು.

"ನಾನು ಹೇಳದೇ ಇದ್ದ ಮಾತನ್ನ ನನ್ನ ಹೆಸರಲ್ಲಿ ಸಾರಿದಾರೆ," ಎಂದರು. "ಬೆಳಗ್ಗೆಯಿಂದ ಆಚೆ ದಂಡೆಯವರು ಬಂದು ಬಂದು ನನ್ನ ತಬ್ಬಿಕೊಳ್ತಿದಾರೆ. ಔಷಧಿ ಅಂಗಡಿ ಬಾಗಿಲು ತೆಗೆಯೋಕಾಗ್ಲಿಲ್ಲ."

ಅಂಕೋಮಾ ಕೇಳಿದರು, "ಕ್ವಾಬೆನಾ, ಸೇರಿಸಿದ್ದು ಹೌದಾ?"

"ಹೌದು."

"ಸೇರಿಸಿದ್ರೆ ಏನಾಗುತ್ತೆ ಗೊತ್ತಾ?"

"ಗೊತ್ತು. ಕುರಿ ಅಲ್ಲಿದೆ. ನಿನ್ನೆ ಸಾರೋಕೆ ಮುಂಚೆನೇ ಕಟ್ಟಿ ಹೋಗಿದೀನಿ."

ಎಲ್ಲರೂ ಬೇವಿನ ಮರದ ಕಡೆ ನೋಡಿದರು. ಕುರಿಯೂ ನೋಡಿತು. ಅಂಕೋಮಾ ಹತ್ತಿರ ಹೋಗಿ ಬಗ್ಗಿ ಪರೀಕ್ಷಿಸಿದರು. "ಇದು ಹೆಣ್ಣು ಕುರಿ. ದಂಡಕ್ಕೆ ಟಗರು ಕೊಡೋದು ಪದ್ಧತಿ."

"ಸೇರಿಸಿದ್ದು ಒಂದೇ ಮಾತು. ಟಗರಿನಷ್ಟು ದೊಡ್ಡದಲ್ಲ."

ನಾನಾ ಬಾಯಿಗೆ ಕೈ ಅಡ್ಡ ಹಿಡಿದರು. ನಗುತ್ತಿದ್ದರೆಂದು ಹತ್ತಿರ ಕೂತವರು ಹೇಳುತ್ತಾರೆ. ಆಮೇಲೆ ಅಂಕೋಮಾ ಕಿವಿಯಲ್ಲಿ ಬಹಳ ಹೊತ್ತು ಮಾತಾಡಿದರು.

"ನಾನಾ ಹೇಳ್ತಾರೆ, ದಂಡ ಸಂದಾಯ ಆಯ್ತು. ಇನ್ನು ಸಾರಿದ ಮಾತಿನ ವಿಷಯ. ಮೇಡಮ್, ಅದು ನಿಮಗೆ ಬೇಡ ಅನ್ನೋದಾದ್ರೆ ಅಳಿಸ್ಬೋದು. ಆರು ಕಡೆ ನಿಂತು, ಸೇತುವೆ ಇಲ್ಲ, ಹೇಳಿದ್ದು ಸುಳ್ಳು ಅಂತ ಯಾರಾದ್ರೂ ಸಾರಬೇಕು. ಕ್ವಾಬೆನಾ ಸಾರೋ ಹಾಗಿಲ್ಲ, ತಪ್ಪು ಅವನದು. ಅತಾ, ಗಂಟೆ ತಗೋ."

ಅತಾ ಎರಡು ಹೆಜ್ಜೆ ಹಿಂದೆ ಸರಿದ. "ನನ್ನಿಂದ ಬೇಡ ನಾನಾ. ನಾನು ಸಾರಿದ್ರೆ ಬೇರೆ ಯಾವ್ದೋ ಸೇತುವೆ ಬಿದ್ದುಹೋಯ್ತು ಅಂತ ಜನ ಅಳ್ತಾರೆ."

"ಬೇರೆ ಯಾರಾದ್ರೂ?"

ಯಾರೂ ಮುಂದೆ ಬರಲಿಲ್ಲ. ಮೇಡಮ್ ಫೌಸ್ಟಿನಾ ಕನ್ನಡಕ ತೆಗೆದು ಒರಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕುರಿಯನ್ನು ನೋಡಿದರು, ವೋಫಾ ಅವರನ್ನು ನೋಡಿದರು.

"ಇದ್ದ ಒಂದೇ ಕುರಿ ಮೊದಲೇ ಕಟ್ಟಿ ಹೋದ ಮನುಷ್ಯನ ಹತ್ರ ಏನಂತ ಜಗಳ ಆಡೋದು," ಎಂದರು. "ಇರಲಿ ಬಿಡಿ, ನಾನಾ. ಮಾತು ನನ್ನದೇ ಅಂತ ಇಟ್ಕೊಳ್ಳಿ."

"ಹಾಗಾದ್ರೆ ಜೂನ್ ಒಳಗೆ ಆಗದಿದ್ರೆ ನೀವೂ ಒಂದು ಕುರಿ ಕಟ್ಟಬೇಕು," ಎಂದರು ಅಂಕೋಮಾ. "ಈ ಕುರಿ ಅಲ್ಲೀವರೆಗೂ ಇಲ್ಲೇ ಮೇಯಲಿ. ಸೇತುವೆ ದಿನ ಅದರ ತೀರ್ಮಾನ."

ಒಪ್ಪಿಕೊಂಡ ಮೇಲೆ ಮೇಡಮ್ ಫೌಸ್ಟಿನಾ ಬೇರೆ ಮನುಷ್ಯರೇ ಆದರು. ಜಿಲ್ಲಾ ಸಭೆಯ ಪ್ರತಿ ಕೂಟದಲ್ಲೂ ಎದ್ದು ಸೇತುವೆ ಎಂದರು. ಮಾರ್ಚಿನವರೆಗೆ ಯಾರೂ ಕಿವಿಗೊಡಲಿಲ್ಲ. ಆಗ ಜಿಲ್ಲೆಯ ಮುಖ್ಯಾಧಿಕಾರಿಯ ಜಾಗ ತೆರವಾಗಿ, ದೇಶದ ಅಧ್ಯಕ್ಷರು ಅದಕ್ಕೊಬ್ಬರನ್ನು ಹೆಸರಿಸಿದರು. ಹೆಸರಿಸಿದರೆ ಸಾಲದು, ಸಭೆಯ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಬೇಕು. ಒಪ್ಪುವವರೆಗೆ ಆ ಮನುಷ್ಯ ಎಲ್ಲರಿಗೂ ತಮ್ಮ, ಎಲ್ಲರಿಗೂ ಅಳಿಯ. ಮೊದಲ ಸಲ ಅವರಿಗೆ ಒಂದು ಮತ ಕಡಿಮೆ ಬಿತ್ತು. ಹತ್ತು ದಿನದೊಳಗೆ ಇನ್ನೊಮ್ಮೆ ಮತ. ಮೂರನೆಯ ದಿನವೇ ಅವರ ಕಾರು ಔಷಧಿ ಅಂಗಡಿಯ ಮುಂದೆ ನಿಂತಿತು.

"ಅಕ್ಕಾ, ಈ ಸಲ ನಿಮ್ಮ ಮತ ನನಗೇ ಅಲ್ವಾ?"

"ನೋಡೋಣ," ಎಂದರು ಮೇಡಮ್. "ಬನ್ನಿ, ನಡೀತಾ ಮಾತಾಡೋಣ."

ಹಿಂದಿನ ದಿನ ಮೇಲಿನ ಬೆಟ್ಟದಲ್ಲಿ ಮಳೆಯಾಗಿ ಹೊಳೆಯ ಸದ್ದು ಏರಿತ್ತು. ಮೇಡಮ್ ದಿಮ್ಮಿಯ ಮೇಲೆ ಹಾಯಾಗಿ ನಡೆದು ಆಚೆ ದಂಡೆಗೆ ಹೋಗಿ ನಿಂತರು. ಆ ಮನುಷ್ಯ ಈಚೆ ನಿಂತು, ಬಾಯಿಗೆ ಕೈ ಹಿಡಿದು, ಮತ ಕೇಳಿದರು. ಮೇಡಮ್ ಕಿವಿಗೆ ಕೈ ಹಿಡಿದರು. ಅವರು ಇನ್ನೂ ಗಟ್ಟಿಯಾಗಿ ಕೇಳಿದರು. ಮೇಡಮ್ ಕೈಬೀಸಿ ನಕ್ಕರು. ಈಚೆ ದಂಡೆಯಲ್ಲಿ ನಿಂತಿದ್ದ ವೋಫಾ ವಿನಯದಿಂದ ಹೇಳಿದರು, "ಸಾಹೇಬ್ರೇ, ಇಲ್ಲಿಂದ ಕೇಳ್ಸಲ್ಲ. ನಾನು ಮೂವತ್ತೊಂದು ವರ್ಷದಿಂದ ನೋಡಿದೀನಿ. ನೀವೇ ದಾಟಿ ಹೋಗ್ಬೇಕು."

ಅವರು ದಾಟಿದರು. ದಿಮ್ಮಿಯ ಮೇಲೆ ಕೂತು, ಅಂಗುಲ ಅಂಗುಲವಾಗಿ ಸರಿಯುತ್ತಾ. ಆಚೆ ಮುಟ್ಟಿ ಮೇಲೆದ್ದು ಅವರು ಕೇಳಿದ ಮೊದಲ ಮಾತು ಮತವಲ್ಲ. "ಇದಕ್ಕೆ ಯಾಕೆ ಇಷ್ಟು ದಿನ ಸೇತುವೆ ಹಾಕಿಲ್ಲ?" ಎಂದು. ಎರಡನೆಯ ಸಲ, ಕಡಿಮೆ ಬಿದ್ದಿದ್ದ ಆ ಒಂದು ಮತವೂ ಸಿಕ್ಕಿ ಅವರು ಗೆದ್ದರು. ಅದು ಯಾರ ಮತ ಎಂದು ನಾನು ಬರೆಯುವುದಿಲ್ಲ, ಮತ ಗುಟ್ಟಿನದು. ಏಪ್ರಿಲಿನಲ್ಲಿ ಎಂಜಿನಿಯರ್ ಬಂದು ಗೂಟ ನೆಟ್ಟ.

ಸೇತುವೆ ಮುಗಿದದ್ದು ಆಗಸ್ಟಿನಲ್ಲಿ. ಜೂನ್ ದಾಟಿದ್ದರಿಂದ ಮೇಡಮ್ ಫೌಸ್ಟಿನಾ ಮಾತಿಗೆ ತಪ್ಪದೆ ಒಂದು ಟಗರು ತಂದು ಕಟ್ಟಿದರು. ಅಷ್ಟರಲ್ಲಿ ವೋಫಾ ಅವರ ಕುರಿ ಎರಡು ಮರಿ ಹಾಕಿತ್ತು. ದಂಡ ಕಟ್ಟಿದ್ದು ಒಂದು ಕುರಿ, ಮರಿಗಳ ಮಾತು ಕಟ್ಟುಪಾಡಿನಲ್ಲಿ ಇಲ್ಲ ಎಂದು ನಾನಾ ಹೇಳಿಸಿ, ಮರಿಗಳನ್ನು ವೋಫಾ ಮನೆಗೆ ಕಳಿಸಿದರು. ಟಗರು ಸೇತುವೆಯ ಊಟಕ್ಕೆ ಆಯಿತು. ತಾಯಿ ಕುರಿಯನ್ನು ಕಡಿಯಲು ಯಾರಿಗೂ ಮನಸ್ಸಾಗಲಿಲ್ಲ, ಅದು ಈಗಲೂ ಬೇವಿನ ಮರದ ಕೆಳಗೆ ಅಂಕೋಮಾ ಅವರ ಕೋಲಿನ ತುದಿ ಕಚ್ಚುತ್ತಾ ಇದೆ.

ವೋಫಾ ಅವರಿಗೆ ಈಗ ಏಳು ನಿಲುಗಡೆ. ಏಳನೆಯದು ಆಚೆ ದಂಡೆಯ ಕೋಕೋ ಬೀಜ ಒಣಗಿಸುವ ಚಾಪೆಗಳ ಹತ್ತಿರ. ಊಟ ಮುಗಿದ ಮರುದಿನ ಹೊಳೆ ತುಂಬಿ ಭೋರ್ಗರೆಯುತ್ತಿತ್ತು. ಅವರು ಸೇತುವೆಯ ಮೇಲೆ ಅವಸರವಿಲ್ಲದೆ ನಡೆದರು, ನಡುವೆ ಒಮ್ಮೆ ನಿಂತು ನೀರನ್ನು ನೋಡಿದರು, ಆಚೆ ಹೋಗಿ ಮೂರು ಪೆಟ್ಟು ಬಡಿದರು. ಮಕ್ಕಳೆಲ್ಲ ಓಡಿ ಬಂದು ಸುತ್ತ ನಿಂತವು.

"ನಾನಾ ನಿಮಗೆಲ್ಲ ನಮಸ್ಕಾರ ಹೇಳಿದಾರೆ. ಗುರುವಾರ ನರ್ಸಮ್ಮ ಬರ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆಲ್ಲ ಸೂಜಿ ಹಾಕ್ತಾರಂತೆ."

ಸೂಜಿ ಎಂದದ್ದೇ ಮಕ್ಕಳು ಕೈಗಳನ್ನು ಬೆನ್ನ ಹಿಂದೆ ಅಡಗಿಸಿದವು. ಆಮೇಲೆ ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಸೇತುವೆಯನ್ನೂ ವೋಫಾ ಅವರನ್ನೂ ಸರದಿಯಂತೆ ನೋಡಿ, "ನಿಮ್ಮನ್ನ ಇಲ್ಲಿಗೆ ಬಿಟ್ಟೋರು ಯಾರು?" ಎಂದಳು.

ವೋಫಾ ಏನೂ ಸೇರಿಸಲಿಲ್ಲ. ಗಂಟೆ ಒರಸಿಕೊಂಡು ಮನೆಯ ಕಡೆ ಹೊರಟರು.